ಹಿಂಬದಿಯಿಲ್ಲದ ಪೆಟ್ಟಿಗೆ

ಅರೆಮಿಲಿಯವರು ಧಾರಾವಾಹಿ ನೋಡುತ್ತಿರಲಿಲ್ಲ. ಧಾರಾವಾಹಿ ನಡೆಯುವ ಹೊತ್ತಿಗೆ ಅದೇ ಕೋಣೆಯಲ್ಲಿ ಟೀವಿಗೆ ಎದುರಾಗಿ ಕೂತು ಪೇಪರು ಓದುತ್ತಿದ್ದರು, ಅಷ್ಟೆ. ಪೇಪರಿನ ಪುಟ ಮಾತ್ರ ಜಾಹೀರಾತು ಬಂದಾಗಲೇ ತಿರುಗುತ್ತಿತ್ತು.

ಅರೆಮಿಲಿ ಅವರ ಹೆಸರಲ್ಲ. ತೂಕ ಮತ್ತು ಅಳತೆ ಇಲಾಖೆಯ ಗುಮಾಸ್ತರಾದ ಅವರು ಒಮ್ಮೆ ಬಟ್ಟೆ ಅಂಗಡಿಯೊಂದರ ಮೀಟರು ಕೋಲು ಅರ್ಧ ಮಿಲಿಮೀಟರು ಕಡಿಮೆಯಿದೆ ಎಂದು ಅದನ್ನು ವಶಪಡಿಸಿಕೊಂಡು ಬಂದಿದ್ದರು. ಕಚೇರಿಯಲ್ಲಿ ಅಳೆದು ನೋಡಿದರೆ ಕೋಲು ಸರಿಯಾಗಿಯೇ ಇತ್ತು, ತಪ್ಪಿದ್ದದ್ದು ಅರೆಮಿಲಿಯವರ ಅಳತೆಪಟ್ಟಿ. ಕೋಲು ಅಂಗಡಿಗೆ ವಾಪಸು ಹೋಯಿತು. ಹೆಸರು ಇವರ ಹತ್ತಿರವೇ ಉಳಿಯಿತು.

ಅವರು ಇದ್ದದ್ದು ಅತ್ತೆಯ ಮನೆಯಲ್ಲಿ. ಅತ್ತೆಗೆ ಒಳ್ಳೆಯ ಮಾತಿನ ಬರವೇನೂ ಇರಲಿಲ್ಲ. ಹಾಲಿನವನ ಬಗ್ಗೆ, ಹವಾಮಾನ ಓದುವ ಹುಡುಗಿಯ ಬಗ್ಗೆ, ಒಮ್ಮೆ ಮನೆಗೆ ನುಗ್ಗಿ ಏನೂ ಕದಿಯದೆ ಹೋದ ಕಳ್ಳನ ಬಗ್ಗೆ ಕೂಡ ಆಕೆ ಒಳ್ಳೆಯದನ್ನೇ ಆಡಿದ್ದರು. ಅಳಿಯನ ಬಗ್ಗೆ ಮಾತ್ರ ಆಡಿರಲಿಲ್ಲ. ಅದಕ್ಕೆ ಕಾರಣ ಅಡುಗೆಮನೆಯ ಗೋಡೆಯ ಮೇಲಿತ್ತು. ಮದುವೆಯಾದ ಹೊಸತರಲ್ಲಿ ಅರೆಮಿಲಿಯವರು ತಮ್ಮ ಕೈಯಾರೆ ಜೋಡಿಸಿದ ಶೆಲ್ಫು ಅದು. ಅದರ ಮೇಲೆ ಸಂಜೆ ಸಾಲಾಗಿಟ್ಟ ಡಬ್ಬಗಳು ಬೆಳಗಾಗುವಷ್ಟರಲ್ಲಿ ಬಲತುದಿಗೆ ಸೇರಿ ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತಿದ್ದವು.

“ಶೆಲ್ಫು ಸರಿಯಾಗಿದೆ, ಗೋಡೆ ಓರೆ” ಎಂದು ಅರೆಮಿಲಿಯವರು ಹೇಳಿದ್ದರು.

“ನೀವು ಬರೋವರೆಗೂ ನೆಟ್ಟಗಿತ್ತು” ಎಂದು ಅತ್ತೆ ಹೇಳಿದ್ದರು.

ಧಾರಾವಾಹಿಯಲ್ಲಿ ಒಬ್ಬ ದೊಡ್ಡಮ್ಮ ಇದ್ದಳು. ದೊಡ್ಡ ಮನೆಯ ಯಜಮಾನಿ. ಅವಳ ಪಕ್ಕದಲ್ಲಿ ಒಂದು ಕಪ್ಪು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಹಳೆಯ ಕಾರ್ಡುಗಳ ಒಂದು ಕಟ್ಟು. ಮನೆಯಲ್ಲಿ ಏನೇ ತಕರಾರು ಬಂದರೂ ದೊಡ್ಡಮ್ಮ ಕೈಹಾಕಿ ಒಂದು ಕಾರ್ಡು ತೆಗೆಯುತ್ತಿದ್ದಳು. ಕಾರ್ಡಿನಲ್ಲಿ ಬರೆದದ್ದೇ ತೀರ್ಪು. ಆವರೆಗೆ ವೀಕ್ಷಕರಿಗೆ ತೋರಿಸಿದ ಕಾರ್ಡುಗಳು ಮೂರು: ‘ಮನೆ ನಿನ್ನದು’, ‘ಮನೆ ಬಿಡು’, ‘ಬಾಯಿ ಮುಚ್ಚು’.

ಒಂದು ಸಂಜೆ ಪೆಟ್ಟಿಗೆ ಪರದೆಯ ತುಂಬ ಬಂದಾಗ ಅತ್ತೆ ಉಸಿರೆಳೆದು, “ಎಂಥಾ ಕೈಕೆಲಸ! ಅದನ್ನ ಮಾಡಿದವನ ಕೈಗೆ ಚಿನ್ನದ ಕಡಗ ಹಾಕ್ಬೇಕು” ಎಂದರು.

ಪೇಪರಿನ ಹಿಂದಿನಿಂದ ಅರೆಮಿಲಿಯವರ ದನಿ ಬಂತು: “ಅದೇನು ಮಹಾ. ರಟ್ಟು, ಅಂಟು. ಒಂದು ಸಂಜೆ ಕೆಲಸ.”

ಅತ್ತೆ ಅಡುಗೆಮನೆಯ ಕಡೆ, ಶೆಲ್ಫಿನ ದಿಕ್ಕಿಗೆ, ಒಮ್ಮೆ ನೋಡಿದರು.

ಆ ನೋಟದಿಂದ ಎಲ್ಲ ಶುರುವಾಯಿತು. ಪೆಟ್ಟಿಗೆಯನ್ನು ಥೇಟು ಟೀವಿಯಲ್ಲಿರುವ ಹಾಗೇ ಮಾಡಿ ಅತ್ತೆಯ ಮುಂದಿಡಬೇಕು, ಆಕೆಯ ಬಾಯಿಂದ ಒಂದು ಒಳ್ಳೆಯ ಮಾತು ಬೀಳಿಸಬೇಕು ಎಂದು ಅರೆಮಿಲಿಯವರು ನಿಶ್ಚಯಿಸಿದರು. ಮುಗಿಯುವ ತನಕ ಯಾರಿಗೂ ಹೇಳಕೂಡದು, ಹೆಂಡತಿಗೂ. ಹೆಂಡತಿಗೆ ಹೇಳಿದ್ದು ಅತ್ತೆಗೆ ಹೇಳಿದ ಹಾಗೆ. ಹಳೆ ಸಾಮಾನು ತುಂಬಿದ್ದ ಹಿಂದಿನ ಕೋಣೆ ಕಾರ್ಖಾನೆಯಾಯಿತು.

ಮೊದಲ ತೊಡಕು ಅಳತೆಯದು. ಟೀವಿಯ ಪೆಟ್ಟಿಗೆಯ ನಿಜವಾದ ಗಾತ್ರ ಯಾರಿಗೆ ಗೊತ್ತು? ಪರದೆಗೆ ಪಟ್ಟಿ ಹಿಡಿದರೆ ಪರದೆಯ ಅಳತೆ ಸಿಗುತ್ತದೆ, ಪೆಟ್ಟಿಗೆಯದಲ್ಲ. ಅರೆಮಿಲಿಯವರು ಇದಕ್ಕೆ ಇಲಾಖೆಯ ಘನತೆಗೆ ತಕ್ಕ ದಾರಿ ಕಂಡುಹಿಡಿದರು. ದೊಡ್ಡಮ್ಮ ಪೆಟ್ಟಿಗೆಯ ಮೇಲೆ ಯಾವಾಗಲೂ ಹೆಬ್ಬೆರಳು ಊರುತ್ತಾಳೆ. ಪೆಟ್ಟಿಗೆಯ ಉದ್ದ ಎಷ್ಟು ಹೆಬ್ಬೆರಳು ಎಂದು ಪರದೆಯಲ್ಲಿ ಎಣಿಸಬಹುದು. ಒಂದು ಹೆಬ್ಬೆರಳು ಎಷ್ಟು ಎಂದು ತಿಳಿದರೆ ಮುಗಿಯಿತು. ದೊಡ್ಡಮ್ಮನ ವಯಸ್ಸಿನ, ದೊಡ್ಡಮ್ಮನ ಮೈಕಟ್ಟಿನ ಹೆಬ್ಬೆರಳೊಂದು ಮನೆಯಲ್ಲೇ ಇತ್ತು.

ರಜೆಯ ಮಧ್ಯಾಹ್ನ. ಅತ್ತೆ ಕಿಟಕಿಯ ಪಕ್ಕದ ಆರಾಮಕುರ್ಚಿಯಲ್ಲಿ ಕೈ ಚಾಚಿ ನಿದ್ದೆ ಹೋಗಿದ್ದರು. ಹಿಂದಿನ ಕೋಣೆಯಲ್ಲಿ ಕಾರ್ಡಿನ ಚಿತ್ರಕ್ಕೆ ಮಸಿ ಹದ ಮಾಡುತ್ತಿದ್ದ ಅರೆಮಿಲಿಯವರು, ಮೊಳೆಯ ದಪ್ಪ ಅಳೆಯುವ ಉಕ್ಕಿನ ಇಕ್ಕಳ ಹಿಡಿದು, ತುದಿಗಾಲಲ್ಲಿ ಬಂದು, ಅತ್ತೆಯ ಹೆಬ್ಬೆರಳನ್ನು ಮೆಲ್ಲಗೆ ಎತ್ತಿದರು. ಬೆರಳು ಸೊಟ್ಟಗಿತ್ತು. ನೆಟ್ಟಗೆ ಮಾಡಿ ಅಗಲ ಅಳೆದರು. ಮಸಿಗೈಯಲ್ಲಿ ಬೆರಳು ಹಿಡಿದರೆ ಬೆರಳೂ ಮಸಿಯಾಗುತ್ತದೆ ಎನ್ನುವುದು ಅವರ ಗಮನಕ್ಕೆ ಬರಲಿಲ್ಲ. ಆ ಬೆರಳು ವಾತದಿಂದ ಬಾತಿದೆ ಎನ್ನುವುದೂ ಬರಲಿಲ್ಲ. ಹಾಗಾಗಿ ಪೆಟ್ಟಿಗೆ ಕೊನೆಗೆ ಬ್ರೆಡ್ಡಿಡುವ ಡಬ್ಬದಷ್ಟು ದೊಡ್ಡದಾಯಿತು.

ಆ ಹೊತ್ತಿಗೆ ಸರಿಯಾಗಿ ಎದುರುಮನೆಯ ಟೀಚರು ತಮ್ಮ ಕಿಟಕಿಯ ಗಿಡಕ್ಕೆ ನೀರು ಹಾಕುತ್ತಿದ್ದರು. ಗಿಡ ಸತ್ತು ಬಹಳ ಕಾಲವಾಗಿತ್ತು. ನೀರು ಹಾಕುವುದು ನಿಂತಿರಲಿಲ್ಲ.

ಸಂಜೆ ಟೀಚರು ಅರೆಮಿಲಿಯವರ ಹೆಂಡತಿಯನ್ನು ಗೇಟಿನ ಹತ್ತಿರ ಹಿಡಿದರು.

“ನಾನು ಬೇರೆಯವರ ಮನೆ ವಿಷಯಕ್ಕೆ ತಲೆ ಹಾಕೋಳಲ್ಲಮ್ಮ.”

“ಅದು ಗೊತ್ತು ಟೀಚರೇ. ಏನು ವಿಷಯ?”

“ಈ ಮನೆ ಯಾರ ಹೆಸರಲ್ಲಿದೆ?”

“ಅಮ್ಮನ ಹೆಸರಲ್ಲಿ.”

“ಅಮ್ಮನ ಹೆಬ್ಬೆಟ್ಟು ನೋಡಿದ್ಯಾ ಇವತ್ತು?”

ಹೆಂಡತಿ ಒಳಗೆ ಹೋಗಿ ಮುಲಾಮು ಹಚ್ಚುವ ನೆಪದಲ್ಲಿ ತಾಯಿಯ ಕೈ ತಿರುಗಿಸಿ ನೋಡಿದಳು. ಹೆಬ್ಬೆಟ್ಟು ಕಪ್ಪಗಿತ್ತು.

“ಅಮ್ಮ, ಇದೇನಿದು?”

“ಪೇಪರಿನ ಮಸಿ ಇರ್ಬೇಕು. ಈಗಿನ ಸುದ್ದಿ ಎಲ್ಲಾ ಕೈಗಂಟತ್ತೆ” ಎಂದರು ಅತ್ತೆ.

ಹೆಂಡತಿ ಆ ದಿನದಿಂದ ಗಂಡನನ್ನು ಗಮನಿಸತೊಡಗಿದಳು. ಗಮನಿಸಿದಷ್ಟೂ ಅನುಮಾನ ಬೆಳೆಯಿತು. ಡಬ್ಬಕ್ಕೆ ತುಂಬಿದ ಚಹಾಪುಡಿ ವಾರದೊಳಗೆ ಖಾಲಿ. ಮನೆಯಲ್ಲಿ ಯಾರೂ ಅಷ್ಟು ಕುಡಿದಿರಲಿಲ್ಲ. ಹಳೆಯ ಆಮಂತ್ರಣ ಪತ್ರಿಕೆಗಳ ಕಟ್ಟು ಕಾಣೆ. ಒಂದು ಬೆಳಿಗ್ಗೆ ಗಂಡ ಬಟ್ಟೆ ಒಗೆಯುವ ಯಂತ್ರವನ್ನು ಬಟ್ಟೆಯಿಲ್ಲದೆ ತಿರುಗಲು ಬಿಟ್ಟು, ಅದರ ಮೇಲೆ ರಟ್ಟಿನ ತುಂಡಿಟ್ಟುಕೊಂಡು ಏನೋ ಬರೆಯುತ್ತ ಗಡಗಡ ನಡುಗುತ್ತಿದ್ದರು.

“ಏನ್ರೀ ಅದು?”

“ಯಂತ್ರ ಪರೀಕ್ಷೆ.”

“ಪರೀಕ್ಷೆಗೆ ಪೆನ್ನು ಯಾಕೆ?”

“ಎಷ್ಟು ನಡುಗತ್ತೆ ಅಂತ ಬರ್ಕೊಳ್ಳೋಕೆ” ಎಂದರು ಅರೆಮಿಲಿಯವರು, ನಡುಗುತ್ತಲೇ. ದೊಡ್ಡಮ್ಮನ ಕಾರ್ಡಿನ ಅಕ್ಷರ ಮುದಿಗೈಯ ನಡುಕದ್ದು. ಆ ನಡುಕಕ್ಕೆ ಈ ಯಂತ್ರದಷ್ಟು ಹತ್ತಿರದ್ದು ಬೇರೆ ಸಿಕ್ಕಿರಲಿಲ್ಲ.

ಅವರ ಕೆಲಸಕ್ಕೆ ಒಂದೇ ನಿಯಮ: ಕಂಡದ್ದನ್ನು ಮಾತ್ರ ಮಾಡಬೇಕು. ಕಾಣದ್ದನ್ನು ಊಹಿಸಿ ಮಾಡಿದರೆ ಅದು ನಕಲಲ್ಲ, ಸುಳ್ಳು. ಧಾರಾವಾಹಿಯಲ್ಲಿ ಮೂರು ಕಾರ್ಡುಗಳ ಬರಹ ಮಾತ್ರ ಕಂಡಿತ್ತು. ಆದ್ದರಿಂದ ಮೂರರಲ್ಲಿ ಬರೆದು ಉಳಿದವನ್ನು ಖಾಲಿ ಬಿಟ್ಟರು. ಬೆನ್ನಿಗೆ ಮಾತ್ರ ಎಲ್ಲಕ್ಕೂ ಬಳ್ಳಿ ಸುತ್ತಿದ ಬೀಗದಕೈಯ ಚಿತ್ರ. ಪೆಟ್ಟಿಗೆ ಯಾವಾಗಲೂ ಗೋಡೆಗೆ ಒರಗಿಯೇ ಇರುತ್ತಿತ್ತು, ಅದರ ಹಿಂಬದಿಯನ್ನು ಯಾರಿಗೂ ತೋರಿಸಿರಲಿಲ್ಲ. ಆದ್ದರಿಂದ ಹಿಂಬದಿ ಮಾಡಲೇ ಇಲ್ಲ. ಮುಂದೆ, ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ ಪೆಟ್ಟಿಗೆ, ಹಿಂದೆ ಬಯಲು. ಬೂಟ್ ಪಾಲಿಶ್ ತಿಕ್ಕಿ ಕಪ್ಪು ಮಾಡಿದರು. ಹಿತ್ತಾಳೆಯ ಮೂಲೆಗಳೂ ಒತ್ತಿದರೆ ಟಕ್ಕೆನ್ನುವ ಕೊಂಡಿಯೂ ಬೇಕಾಗಿದ್ದವು. ಅಟ್ಟದ ಮೇಲೆ ಹಳೆಯ ಚರ್ಮದ ಕೈಚೀಲವೊಂದು ಸಿಕ್ಕಿತು. ಅದರಿಂದ ಬಿಚ್ಚಿಕೊಂಡರು. ಯಾರದೆಂದು ಯೋಚಿಸಲಿಲ್ಲ.

ಹೆಂಡತಿ ತಮ್ಮನಿಗೆ ಫೋನು ಮಾಡಿದಳು.

ತಮ್ಮ ವಕೀಲರೊಬ್ಬರ ಹತ್ತಿರ ಗುಮಾಸ್ತ. ಬೀದಿಯವರು ಅವನನ್ನು ಅರ್ಧ ವಕೀಲ ಎನ್ನುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ. ಬಂದವನೇ ಚಪ್ಪಲಿ ಕೂಡ ಬಿಡದೆ ಮಹಡಿಗೆ ಹೋದ. ಅಲ್ಲಿ ಅರೆಮಿಲಿಯವರು ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ಕಾರ್ಡೊಂದನ್ನು ಒಣಗಲು ನೇತುಹಾಕಿದ್ದರು. ಓದಿದ. ಮೂಸಿದ. ಪ್ಲಾಸ್ಟಿಕ್ ಕವರಿಗೆ ಹಾಕಿದ.

“ಅಕ್ಕಾ, ಮುಗೀತು. ಕಾಗದವನ್ನ ಚಹಾದಲ್ಲಿ ಅದ್ದಿ ಹಳೇದು ಮಾಡಿದಾರೆ. ಮುದುಕಿಯ ಅಕ್ಷರದಲ್ಲಿ ಬರೆದಿದಾರೆ. ಏನಂತ ಗೊತ್ತಾ? ‘ಮನೆ ನಿನ್ನದು.’”

“ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲೋ” ಎಂದಳು ಅಕ್ಕ. ಧಾರಾವಾಹಿಯ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಿದ್ದಳು.

“ಎಲ್ಲರ ಮನೇಲೂ ಕೇಳೋ ಮಾತೇ. ಕೋರ್ಟಿಗೆ ಬಾ, ದಿನಕ್ಕೆ ಹತ್ತು ತೋರಿಸ್ತೀನಿ.”

“ಕೊಡು, ನೋಡ್ತೀನಿ.”

“ಮುಟ್ಬೇಡ! ಸಾಕ್ಷಿ.”

“ಈಗ ಏನು ಮಾಡೋದೋ?”

“ಭಾವನನ್ನ ಮನೆಯಿಂದ ಕಳಿಸೋದು. ನೀನು ಅಳಬೇಡ. ಬೇಕಾದ್ರೆ ಆಮೇಲೆ ಅಳು.”

ಮರುದಿನ ಸಂಜೆ ಅರ್ಧ ವಕೀಲ ಒಬ್ಬ ತಜ್ಞರನ್ನು ಕರೆತಂದ. ಅವರು ನೋಂದಣಿ ಕಚೇರಿಯ ನಿವೃತ್ತ ಸೂಪರಿಂಟೆಂಡೆಂಟರು. ಕಾಗದ ಮೂಸಿ ವರ್ಷ ಹೇಳುವವರೆಂದು ಹೆಸರಾಗಿದ್ದರು. ಟೀಚರು ತಲೆ ಹಾಕುವವರಲ್ಲವಾದ್ದರಿಂದ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತೆಗೆ ಆಘಾತವಾಗಬಾರದೆಂದು ಒಳಕೋಣೆಯ ಬಾಗಿಲು ಮುಂದಕ್ಕೆಳೆದಿದ್ದರು.

ಸೂಪರಿಂಟೆಂಡೆಂಟರು ಕಾರ್ಡನ್ನು ಭೂತಗನ್ನಡಿಯಲ್ಲಿ ನೋಡಿ, ಕಣ್ಣುಮುಚ್ಚಿ ಮೂಸಿ, “ಐವತ್ತು ವರ್ಷಕ್ಕೆ ಕಡಿಮೆ ಇಲ್ಲ. ಅಸಲಿ” ಎಂದರು.

“ಸಾರ್, ಚಹಾ ವಾಸನೆ ಬರ್ತಿಲ್ವಾ?” ಎಂದ ಅರ್ಧ ವಕೀಲ.

“ಹಳೇ ಸರಕಾರಿ ಕಾಗದಕ್ಕೆಲ್ಲ ಇದೇ ವಾಸನೆ. ಅದರಿಂದಲೇ ಗುರುತು.”

ಅಷ್ಟರಲ್ಲಿ ಅರೆಮಿಲಿಯವರು ಕಚೇರಿಯಿಂದ ಬಂದು ಹೊಸ್ತಿಲಲ್ಲಿ ನಿಂತಿದ್ದರು. ತಮ್ಮ ಕಾರ್ಡನ್ನು ನೋಡಿದರು. ಮಾತನ್ನೂ ಕೇಳಿಸಿಕೊಂಡಿದ್ದರು. ಬೇರೆ ಯಾವನೇ ಆದರೂ ಅಲ್ಲಿ ಸುಮ್ಮನಿರುತ್ತಿದ್ದ.

“ಸಾರ್, ದಯವಿಟ್ಟು ಇನ್ನೊಂದು ಸಲ ಹೇಳಿ.”

“ಐವತ್ತು ವರ್ಷ.”

“ಸಾರ್, ಅದು ಹೋದ ಸೋಮವಾರದ್ದು! ನಾನೇ ಮಾಡಿದ್ದು!”

“ತಪ್ಪೊಪ್ಪಿಗೆ!” ಅರ್ಧ ವಕೀಲ ಎದ್ದು ನಿಂತ. “ಟೀಚರೇ, ಕೇಳಿಸ್ಕೊಂಡ್ರಲ್ಲ?”

“ಮೊದಲಿಂದಲೂ ಕೇಳಿಸ್ಕೋತಾನೇ ಇದೀನಿ” ಎಂದರು ಟೀಚರು.

ಆದರೆ ಸೂಪರಿಂಟೆಂಡೆಂಟರಿಗೆ ಕೋಪ ಬಂದಿತ್ತು. “ಏನ್ರೀ, ನೀವು ಮಾಡೋದಾ? ನನ್ನ ಸರ್ವೀಸೆಲ್ಲ ಕಾಗದದಲ್ಲೇ ಕಳೆದಿದೆ. ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ.”

“ಆಗತ್ತೆ ಸಾರ್. ಚಹಾದಲ್ಲಿ ಅದ್ದಿ, ಉಗುರಲ್ಲಿ ಅಂಚು ತಿಕ್ಕಿ—”

“ಸುಳ್ಳು.”

“ಭಾವ, ಸಾರ್ ಹೇಳಿದ್ದು ಬಿಡಿ. ನೀವು ಮಾಡಿದ್ದೀರಿ ತಾನೆ? ಅಮ್ಮನ ಹೆಬ್ಬೆಟ್ಟೂ ತಗೊಂಡ್ರಾ?”

“ತಗೊಂಡೆ. ಅಳತೆ.”

“ಹೆಬ್ಬೆಟ್ಟಿನ ಅಳತೆ ಯಾಕೆ?”

“ಪೆಟ್ಟಿಗೆಗೆ.”

ಟೀಚರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯಯ್ಯೋ! ಬದುಕಿರೋವಾಗಲೇ ಅಳತೆ ತಗೊಂಡು ಪೆಟ್ಟಿಗೆ ಮಾಡಿಸ್ತಿದ್ದಾರಲ್ಲಮ್ಮ!”

ಹೆಂಡತಿ ಈಗ ಅತ್ತಳು. ಅರ್ಧ ವಕೀಲ ಅವಳಿಗೆ ಅಳಲು ಕೊಟ್ಟಿದ್ದ ಹೊತ್ತು ಇನ್ನೂ ಬಂದಿರಲಿಲ್ಲ, ಆದರೂ ತಡೆಯಲಿಲ್ಲ. ಬಾಗಿಲ ಕಡೆ ಕೈ ತೋರಿಸಿ, “ಭಾವ, ಬಟ್ಟೆಬರೆ ತಗೊಳ್ಳಿ. ಇನ್ನು ಈ ಮನೇಲಿ ನಿಮಗೆ ಜಾಗ ಇಲ್ಲ” ಎಂದ.

ಒಳಕೋಣೆಯ ಬಾಗಿಲು ತೆರೆಯಿತು. “ಏನು ಗಲಾಟೆ? ಇನ್ನೇನು ಧಾರಾವಾಹಿ ಹೊತ್ತಾಯ್ತು” ಎಂದರು ಅತ್ತೆ.

ಅರೆಮಿಲಿಯವರು ಹಿಂದಿನ ಕೋಣೆಗೆ ಹೋದರು. ಬಟ್ಟೆ ತರಲು ಹೋದರೆಂದು ಎಲ್ಲರೂ ತಿಳಿದರು. ಅವರು ಪೆಟ್ಟಿಗೆ ತಂದು ಅತ್ತೆಯ ಕುರ್ಚಿಯ ಮುಂದಿನ ಸ್ಟೂಲಿನ ಮೇಲಿಟ್ಟರು.

ಮೊದಲು ಬಾಯಿ ಬಿಟ್ಟವರು ಟೀಚರು: “ಅರೇ, ಇದು ದೊಡ್ಡಮ್ಮನ ಪೆಟ್ಟಿಗೆ!”

“ನೀವು ಧಾರಾವಾಹಿ ನೋಡಲ್ಲ ಅಂತಿದ್ರಿ” ಎಂದಳು ಹೆಂಡತಿ, ಮೂಗೊರೆಸಿಕೊಳ್ಳುತ್ತ.

“ನೋಡಲ್ಲ. ನಿಮ್ಮ ಮನೇದು ನಮ್ಮ ಕಿಟಕಿಗೆ ಕಾಣತ್ತೆ, ಅಷ್ಟೆ. ಆದ್ರೆ ಇದರ ಕೊಂಡಿ ಎಡಕ್ಕಿರಬೇಕಿತ್ತು.”

“ಬಲಕ್ಕೇ” ಎಂದರು ಸೂಪರಿಂಟೆಂಡೆಂಟರು. “ನೀವು ಹೇಳೋದು ಕನ್ನಡೀಲಿ ಕಂಡಿದ್ದು. ಚಿಕ್ಕ ಸೊಸೆ ತಲೆ ಬಾಚ್ಕೊಳ್ಳೋವಾಗ.” ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು, “ನಮ್ಮ ಮನೆಯವರು ಹೇಳ್ತಿದ್ರು” ಎಂದು ಸೇರಿಸಿದರು. ಆಮೇಲೆ ಪೆಟ್ಟಿಗೆಯನ್ನು ಸುತ್ತಿ ಬಂದು ನಿಂತುಬಿಟ್ಟರು. “ಇದಕ್ಕೆ ಹಿಂಬದಿ ಎಲ್ಲಿ?”

“ತೋರಿಸಿಲ್ಲ ಸಾರ್.”

“ಯಾರು?”

“ಧಾರಾವಾಹಿಯವರು.”

“ಊಹಿಸಿ ಒಂದು ಹಲಗೆ ಹಾಕೋದಲ್ವೇನ್ರೀ?”

“ಹಾಗೆ ಹಾಕಿದ್ರೆ ಮೋಸ ಆಗ್ತಿತ್ತು ಸಾರ್” ಎಂದರು ಅರೆಮಿಲಿಯವರು.

ಅರ್ಧ ವಕೀಲ ಕವರಿನಿಂದ ತನ್ನ ಸಾಕ್ಷಿಯನ್ನು ತೆಗೆದು ನೋಡಿ ಮತ್ತೆ ಕವರಿಗೇ ಹಾಕಿದ. ಆ ಕಾರ್ಡನ್ನು ಅವನೂ ಎಲ್ಲೋ ನೋಡಿದ್ದ. ಅವನ ವಕೀಲರ ಆಫೀಸಿನಲ್ಲೂ ಒಂದು ಟೀವಿ ಇತ್ತು.

ಅತ್ತೆ ಪೆಟ್ಟಿಗೆಯ ಹಿತ್ತಾಳೆಯ ಮೂಲೆಯನ್ನು ಮುಟ್ಟಿ ನೋಡಿದರು.

“ಇದು ಅವರ ಚೀಲದ್ದು.”

ಅರೆಮಿಲಿಯವರ ಮುಖ ಇಳಿಯಿತು. “ಅಟ್ಟದ ಮೇಲಿತ್ತು ಅತ್ತೆ. ಕೇಳಬೇಕಾಗಿತ್ತು. ನಾನು...”

ಅತ್ತೆ ಕೊಂಡಿ ಒತ್ತಿದರು. ಟಕ್ ಎಂದಿತು. ಮಾವನವರು ಬದುಕಿದ್ದಾಗ ದಿನಾ ಸಂಜೆ ಬಂದು ಚೀಲ ತೆರೆಯುವಾಗ ಆ ಮನೆಯಲ್ಲಿ ಕೇಳುತ್ತಿದ್ದ ಸದ್ದು ಅದು. ಅತ್ತೆ ಮುಚ್ಚಿ ಇನ್ನೊಮ್ಮೆ ಒತ್ತಿದರು. ಅದು ಇನ್ನೊಮ್ಮೆ ಟಕ್ ಎಂದಿತು.

“ಅಮ್ಮ, ಪೆಟ್ಟಿಗೆ ಆಮೇಲೆ ನೋಡುವಿಯಂತೆ” ಎಂದ ಅರ್ಧ ವಕೀಲ. ಅವನಿಗೆ ಗೆಲುವು ಕೈತಪ್ಪಿದರೂ ವಾದ ಕೈತಪ್ಪಬಾರದು. “ಸುಳ್ಳು ಪತ್ರ ಅಲ್ಲದೇ ಇರಬಹುದು. ಆದ್ರೂ ಕೇಳದೆ ಬೆರಳು ಹಿಡಿದಿದಾರೆ, ಕೇಳದೆ ಚೀಲ ಬಿಚ್ಚಿದಾರೆ. ಇವರು ಈ ಮನೇಲಿರೋದೋ ಬೇಡ್ವೋ, ಇವತ್ತೇ ತೀರ್ಮಾನ ಆಗ್ಲಿ.”

“ನಾನ್ಯಾಕೆ ತೀರ್ಮಾನ ಮಾಡ್ಲಿ? ಪೆಟ್ಟಿಗೆ ಇದೆಯಲ್ಲ. ಆ ಕಾರ್ಡನ್ನೂ ಇತ್ತ ಕೊಡು” ಎಂದರು ಅತ್ತೆ.

ಕವರಿನ ಕಾರ್ಡೂ ಪೆಟ್ಟಿಗೆಯ ಕಟ್ಟಿನೊಳಗೆ ಸೇರಿತು. ಅತ್ತೆ ಕುರ್ಚಿಯನ್ನು ಗೋಡೆಗೆ ಸರಿಸಿ ಕೂತರು. ಪೆಟ್ಟಿಗೆಯ ಮುಖ ಎಲ್ಲರ ಕಡೆಗೆ, ಬಯಲು ತಮ್ಮ ಕಡೆಗೆ. ಟೀಚರು ಕುರ್ಚಿಯ ತುದಿಗೆ ಬಂದಿದ್ದರು. ಅರೆಮಿಲಿಯವರು ಕೈಕಟ್ಟಿ ನಿಂತಿದ್ದರು. ಹೆಂಡತಿ ಬಂದು ಅವರ ಪಕ್ಕದಲ್ಲಿ ನಿಂತಳು, ಒಂದು ಮೊಳ ಜಾಗ ಬಿಟ್ಟು.

ಅತ್ತೆ ಒಂದು ಕಾರ್ಡು ತೆಗೆದು ಮಗನ ಮುಖಕ್ಕೆ ಹಿಡಿದರು. ‘ಬಾಯಿ ಮುಚ್ಚು.’

ಅರ್ಧ ವಕೀಲನ ಬಾಯಿ ತೆರೆದಿತ್ತು. ಮುಚ್ಚಿದ.

ಇನ್ನೊಂದು ತೆಗೆದು ಅಳಿಯನಿಗೆ ತೋರಿಸಿದರು. ಖಾಲಿ.

“ಖಾಲಿ ಅಂದ್ರೆ ಏನತ್ತೆ?” ಅರೆಮಿಲಿಯವರ ದನಿ ಸಣ್ಣಗಾಗಿತ್ತು.

“ಇನ್ನೂ ಬರೆದಾಗಿಲ್ಲ ಅಂತ. ಬರೆಯೋವರೆಗೂ ಇರಿ.”

ಹೆಂಡತಿ ಆ ಒಂದು ಮೊಳ ಜಾಗವನ್ನು ದಾಟಿ ಗಂಡನ ಪಕ್ಕಕ್ಕೇ ಸರಿದಳು. ಟೀಚರು, ಸೂಪರಿಂಟೆಂಡೆಂಟರು ಅಲ್ಲೇ ಕೂತು ಧಾರಾವಾಹಿ ನೋಡಿದರು. ನೋಡುವವರಲ್ಲದ ಕಾರಣ, ಹಿಂದಿನ ಕಥೆಯನ್ನು ಒಬ್ಬರಿಗೊಬ್ಬರು ವಿವರವಾಗಿ ಹೇಳಿಕೊಂಡರು. ಮುಗಿದ ಮೇಲೂ ಏಳಲಿಲ್ಲ. ಅತ್ತೆ ಪೆಟ್ಟಿಗೆಗೆ ಕೈಹಾಕಿದರು. ‘ಮನೆ ಬಿಡು’ ಬಂತು. ಇಬ್ಬರೂ ಎದ್ದರು. ಯಾರಿಗೂ ಬೇಜಾರಾಗಲಿಲ್ಲ, ಪೆಟ್ಟಿಗೆ ಹೇಳಿದ್ದಕ್ಕೆ ಯಾರು ಏನು ಮಾಡಲಾದೀತು?

ಆಮೇಲೆ ಮನೆ ಪೆಟ್ಟಿಗೆಯ ಮಾತಿನಂತೆ ನಡೆಯಿತು. ಮಗ ಹಣ ಕೇಳಲು ಬಂದರೆ ಖಾಲಿ ಬರುತ್ತಿತ್ತು. ಟೀಚರು ಕತ್ತಲಾದರೂ ಹೊರಡದಿದ್ದರೆ ‘ಮನೆ ಬಿಡು’. ಅಳಿಯ ಗೋಡೆ ಓರೆಯೆಂದು ವಾದಕ್ಕಿಳಿದರೆ ‘ಬಾಯಿ ಮುಚ್ಚು’. ಅಷ್ಟೊಂದು ಖಾಲಿ ಕಾರ್ಡುಗಳ ನಡುವಿನಿಂದ ಬೇಕಾದ್ದೇ ಹೇಗೆ ಮೇಲೆ ಬರುತ್ತದೆಂದು ಅರೆಮಿಲಿಯವರು ತಲೆ ಕೆಡಿಸಿಕೊಂಡರು. ಕಾರ್ಡುಗಳನ್ನು ಕಚೇರಿಗೆ ಒಯ್ದು, ಚಿನ್ನ ತೂಗುವ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದರು. ವ್ಯತ್ಯಾಸವಿರಲಿಲ್ಲ. ‘ಮನೆ ನಿನ್ನದು’ ಮಾತ್ರ ಒಮ್ಮೆಯೂ ಬರಲಿಲ್ಲ. ಅಂಚು ಸರಿಯಾಗಿ ತಿಕ್ಕಿಲ್ಲವೇನೋ ಎಂದುಕೊಂಡು ಅದನ್ನು ಮತ್ತೊಮ್ಮೆ ತಿಕ್ಕಿದರು.

ಕೊನೆಗೊಂದು ದಿನ ಧಾರಾವಾಹಿಯಲ್ಲಿ ಚಿಕ್ಕ ಸೊಸೆ ಸಿಟ್ಟಿಗೆದ್ದು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಂದ ಎಸೆದಳು. ಅದು ಉರುಳಿ ಬೋರಲಾಗಿ ಬಿತ್ತು. ಹಿಂಬದಿ ಪರದೆಯ ತುಂಬ ಕಂಡಿತು. ಅರೆಮಿಲಿಯವರ ಕೈಯಿಂದ ಪೇಪರು ಜಾರಿತು. ಮರುದಿನವೇ ಅಳತೆಗೆ ಕೊಯ್ಸಿದ ತೆಳುಹಲಗೆ, ಸಣ್ಣ ಮೊಳೆ, ಸುತ್ತಿಗೆ ಹಿಡಿದು ಅತ್ತೆಯ ಮುಂದೆ ನಿಂತರು.

“ಅತ್ತೆ, ಹಿಂದೆ ಹಲಗೆ ಹೊಡೆದುಬಿಡ್ತೀನಿ. ಈಗ ಮೋಸ ಆಗಲ್ಲ.”

ಅತ್ತೆ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಮ್ಮ ಕಡೆಗೆ ಎಳೆದುಕೊಂಡರು.

“ಬೇಡ ಅಳಿಯಂದ್ರೇ. ಹೀಗೇ ಇರ್ಲಿ. ಇಷ್ಟು ಚೆನ್ನಾಗಿರೋ ಪೆಟ್ಟಿಗೆ ಆ ದೊಡ್ಡಮ್ಮನ ಹತ್ರಾನೂ ಇಲ್ಲ.”

ಅರೆಮಿಲಿಯವರು ಸುತ್ತಿಗೆ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ, ಹೆಂಡತಿಗೆ ಆ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು. ಆಮೇಲೆ, ತಂದ ಹಲಗೆ ಹಾಳಾಗಬಾರದೆಂದು, ಅದನ್ನು ಶೆಲ್ಫಿನ ಬಲತುದಿಯ ಕೆಳಗೆ ಕೊಟ್ಟು ಮೊಳೆ ಹೊಡೆದರು.

ಈಗ ಡಬ್ಬಗಳು ಬೆಳಗಾಗುವಷ್ಟರಲ್ಲಿ ಎಡತುದಿಗೆ ಸೇರಿರುತ್ತವೆ.